ಎರಡೂ ಒಂದೇ

ಮಾರ್ಚ್ ೪, ಮಂಗಳವಾರ

ಈ ಡೈರಿ ನನ್ನದಲ್ಲ. ಹಲ್ಲಿನ ಔಷಧಿ ಮಾರುವ ಕಂಪನಿಯವರು ಇವರಿಗೆ ಪುಕ್ಕಟೆ ಕೊಟ್ಟದ್ದು. ಪ್ರತಿ ಪುಟದ ಮೂಲೆಯಲ್ಲೂ ನಗುವ ದವಡೆ ಹಲ್ಲಿನ ಚಿತ್ರವಿದೆ. ಊಟಕ್ಕೆ ಕೂತಾಗಲೂ ನಾನು ಕುಲಪತಿಯನ್ನು ಬಯ್ಯುತ್ತಲೇ ಇದ್ದೆ. ಇವರು ಎದ್ದು ಹೋಗಿ ಡೈರಿ ತಂದು ತಟ್ಟೆಯ ಪಕ್ಕ ಇಟ್ಟರು. "ಮಿಕ್ಕಿದ್ದನ್ನ ಇದರಲ್ಲಿ ಬಯ್ಯಿ. ನನಗೆ ಬೆಳಿಗ್ಗೆ ಎಂಟಕ್ಕೇ ಪೇಷೆಂಟು" ಅಂದರು. ಗಂಡ ಹಲ್ಲಿನ ಡಾಕ್ಟರಾದರೆ ಇಷ್ಟೇ, ಯಾರ ಬಾಯನ್ನು ಯಾವಾಗ ಮುಚ್ಚಿಸಬೇಕೆಂದು ಗೊತ್ತಿರುತ್ತದೆ.

ಇವತ್ತು ನಮ್ಮ ವಿಶ್ವವಿದ್ಯಾಲಯದಲ್ಲಿ ದಾನಿಗಳ ವಿಶ್ರಾಂತಿ ಕೋಣೆಯ ಉದ್ಘಾಟನೆ. ಚರ್ಮದ ಕುರ್ಚಿಗಳು, ಗೋಡೆಯಗಲದ ಪರದೆ, ನಾಲ್ಕು ಮೂಲೆಗೂ ಆಳೆತ್ತರದ ಸ್ಪೀಕರು. ಅದರಲ್ಲಿ ಕುಲಪತಿಯ ಭಾಷಣ ಶುರುವಾದಾಗ ಪಕ್ಕದ ಗ್ರಂಥಾಲಯದವರು ಕಿಟಕಿ ಮುಚ್ಚಿಕೊಂಡರು. ಹನ್ನೊಂದು ವರ್ಷದಿಂದ ದೊಡ್ಡ ದೇಣಿಗೆ, ಉಯಿಲಿನ ದತ್ತಿ ಎರಡೂ ನನ್ನ ಉಸ್ತುವಾರಿಯಲ್ಲಿವೆ. ಅಲ್ಲಿ ಕೂತಿದ್ದ ಮೂವತ್ತು ಜನರಲ್ಲಿ ಇಪ್ಪತ್ತಾರು ಜನರನ್ನು ಮನೆಮನೆಗೆ ಅಲೆದು ಒಲಿಸಿಕೊಂಡು ಬಂದವಳು ನಾನು. ಕುಲಪತಿ ನನ್ನನ್ನು ಪರಿಚಯಿಸಿದ್ದು ಹೀಗೆ: "ಇವರು ನಮ್ಮ ಭಿಕ್ಷಾ ಮಂತ್ರಿ."

ಎಲ್ಲರೂ ನಕ್ಕರು. ಮೈ ಉರಿಯುತ್ತಿರುವುದು ಅದಕ್ಕಲ್ಲ. ನಾನೂ ನಕ್ಕೆ.

ಮಾರ್ಚ್ ೬, ಗುರುವಾರ

ಟೈಲರಮ್ಮನ ಮನೆಗೆ ಹೋಗಿದ್ದೆ. ನಮ್ಮ ಆಫೀಸಿನಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ಎಪ್ಪತ್ತೆಂಟು ವಯಸ್ಸು, ಮದುವೆಯಾಗಲಿಲ್ಲ, ಪೇಟೆಯ ನಡುವೆ ಮೂರಂತಸ್ತಿನ ಸ್ವಂತ ಕಟ್ಟಡ. ಕೆಳಗೆ ಕೋಟು ಹೊಲಿಯುವ ಅಂಗಡಿ, ಮೇಲೆ ಮನೆ. ಜೂನ್ ಮುಗಿಯುವುದರೊಳಗೆ ಆ ಕಟ್ಟಡ ನಮ್ಮ ಹೆಸರಿಗೆ ಉಯಿಲಾಗಬೇಕು ಎಂದು ಕುಲಪತಿಯ ಆಜ್ಞೆ.

ಐದು ವರ್ಷದ ಹಿಂದೆ ತೀರಿಕೊಂಡ ಪ್ರೆಸ್ಸಿನ ಯಜಮಾನರು ಈಕೆಯ ಅಣ್ಣ. ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ಅಕ್ಷರದ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿ, ಕೊನೆಗೆ ಆ ಪ್ರೆಸ್ಸನ್ನೇ ಕೊಂಡ ಮನುಷ್ಯ. ಇದ್ದದ್ದನ್ನೆಲ್ಲ ನಮಗೆ ಬರೆದುಕೊಟ್ಟರು. ಕಿವಿ ಕೇಳಿಸದ ವಿದ್ಯಾರ್ಥಿಗಳಿಗೆ ತರಗತಿಯಲ್ಲೇ ನಿಂತು ಪಾಠವನ್ನು ಸನ್ನೆ ಭಾಷೆಯಲ್ಲಿ ಹೇಳುವ ದುಭಾಷಿಗಳನ್ನು ನೇಮಿಸಲಿ ಎಂದು. ನಾನು ತಂದ ದತ್ತಿಗಳಲ್ಲೆಲ್ಲ ದೊಡ್ಡದು ಅದು.

ಟೈಲರಮ್ಮ ಕೋಟಿನ ತೋಳಿಗೆ ಗುಂಡುಸೂಜಿ ಚುಚ್ಚುತ್ತಲೇ ಕೇಳಿದರು: "ಅಣ್ಣನ ದುಡ್ಡಲ್ಲಿ ಈಗ ಎಷ್ಟು ಮಕ್ಕಳು ಓದ್ತಿದಾರೆ?"

"ಹದಿನಾಲ್ಕು" ಅಂದೆ.

"ಒಬ್ಬರನ್ನ ಕರ್ಕೊಂಡು ಬನ್ನಿ. ಕೈಯಲ್ಲಿ ಮಾತಾಡಿ ಐದು ವರ್ಷ ಆಯ್ತು. ನನ್ನ ಕೈಗೆ ಮಾತು ಬಿದ್ದುಹೋಗಿದೆ."

ಸುಳ್ಳು ಹೇಳಲಿಲ್ಲ. ವಾರ್ಷಿಕ ವರದಿಯಲ್ಲಿ ಹದಿನಾಲ್ಕು ಎಂದೇ ಇದೆ. ವರದಿ ಬರೆಯುವವಳು ನಾನು. ಮೂರು ವರ್ಷದಿಂದ ಆ ಸಾಲನ್ನು ಹಳೆಯ ವರದಿಯಿಂದ ಎತ್ತಿ ಹಾಕುತ್ತಿರುವವಳೂ ನಾನೇ. ಅದಕ್ಕೇನು ಮಾಡಲಿ? ಲೆಕ್ಕ ಕೊಡಬೇಕಾದವರು ಕೊಡುವುದಿಲ್ಲ. ಹೊರಗೆ ಬಂದರೆ ಯಾರೋ ನನ್ನ ಕಾರಿಗೆ ಅಡ್ಡವಾಗಿ ತನ್ನ ಗಾಡಿ ನಿಲ್ಲಿಸಿದ್ದ. ಅವನಿಗೆ ಬೈದದ್ದನ್ನು ಇಲ್ಲಿ ಬರೆಯಲಾರೆ, ದವಡೆ ಹಲ್ಲಿಗೂ ನಾಚಿಕೆಯಾದೀತು.

ಮಾರ್ಚ್ ೧೧, ಮಂಗಳವಾರ

ಟೈಲರಮ್ಮನಿಗೆ ತೋರಿಸಲು ಒಬ್ಬ ವಿದ್ಯಾರ್ಥಿಯನ್ನು ಹುಡುಕಿಕೊಂಡು ವಿದ್ಯಾರ್ಥಿ ಕ್ಷೇಮ ವಿಭಾಗಕ್ಕೆ ಹೋದೆ. ಅಲ್ಲಿನ ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಹದಿನಾಲ್ಕಾ? ಮೂರು ಜನ ಇದಾರೆ ಮೇಡಂ. ಅದರಲ್ಲೂ ಒಬ್ಬಳು ಬಿಟ್ಟು ಹೋಗೋ ಹಾಗಿದಾಳೆ."

"ದುಭಾಷಿಗಳು?"

"ಒಬ್ಬರು. ವಾರಕ್ಕೆ ನಾಲ್ಕು ಗಂಟೆ ಬರ್ತಾರೆ."

ಅವನ ಮೇಲೆ ಹರಿಹಾಯ್ದೆ. ಅವನು ಪಾಪ, ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿಟ್ಟ.

ಬಿಟ್ಟು ಹೋಗುವ ಹುಡುಗಿ ವಾಸ್ತುಶಿಲ್ಪದ ಎರಡನೇ ವರ್ಷದವಳು. ನಕ್ಷೆ ಬರೆಯುವ ಹಾಲಿನಲ್ಲಿ ಸಿಕ್ಕಳು. ನನ್ನ ನೋಟ್‌ಬುಕ್ಕಿನಲ್ಲಿ ನಾನು ಯಾರೆಂದು ಬರೆದು, ದಾನಿಯ ಮನೆಗೆ ಒಂದು ಸಂಜೆ ಬರುತ್ತೀಯಾ ಎಂದು ಕೇಳಿದೆ. ಅವಳು ಪೆನ್ಸಿಲ್ ಒತ್ತಿ ಒತ್ತಿ ಬರೆದಳು: "ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಒಂದಕ್ಕೂ ಉತ್ತರವಿಲ್ಲ. ದುಭಾಷಿ ಇಲ್ಲದ ಪಾಠದಲ್ಲಿ ನಾನು ಮೇಷ್ಟ್ರ ಬೆನ್ನು ನೋಡುತ್ತಾ ಕೂರುತ್ತೇನೆ. ನಾನು ಪ್ರದರ್ಶನದ ಗೊಂಬೆ ಅಲ್ಲ."

ನೋಟ್‌ಬುಕ್ ಮುಚ್ಚಿ ನನ್ನ ಕೈಗೆ ಕೊಟ್ಟಳು, ನನ್ನ ಪೆನ್ನನ್ನೂ ಮೇಲಿಟ್ಟು. ಎಷ್ಟು ಕೊಬ್ಬು. ಇಪ್ಪತ್ತು ವರ್ಷದ ಹುಡುಗಿ, ನನಗೆ ಬಾಗಿಲು ತೋರಿಸುತ್ತಾಳೆ.

ಮಾರ್ಚ್ ೧೩, ಗುರುವಾರ

ಹಣಕಾಸು ಅಧಿಕಾರಿಯ ಮುಂದೆ ಎರಡು ಗಂಟೆ ಕೂತೆ. ಕೊನೆಗೆ ಕಡತ ತೆಗೆದ. ಪ್ರೆಸ್ಸಿನ ಯಜಮಾನರ ದತ್ತಿಯ ಬಡ್ಡಿ ಮೂರು ವರ್ಷದಿಂದ ದುಭಾಷಿಗಳಿಗೆ ಹೋಗುತ್ತಿಲ್ಲ. ದಾನಪತ್ರದಲ್ಲಿರುವುದು "ಸಂವಹನ ನೆರವಿಗೆ" ಎಂಬ ಮಾತು. ಆ ಮಾತಿನಡಿ ಏನೇನು ಕೊಂಡಿದ್ದಾರೆ ಎಂಬ ಪಟ್ಟಿಯನ್ನು ಅವನು ಬೆರಳಿಟ್ಟು ಓದಿದ. ಕುಲಪತಿ ಕಚೇರಿಯ ಟೆಲಿಫೋನ್ ವ್ಯವಸ್ಥೆ. ವಿಶ್ರಾಂತಿ ಕೋಣೆಯ ಪರದೆ. ವಿಶ್ರಾಂತಿ ಕೋಣೆಯ ಸ್ಪೀಕರುಗಳು.

ಇನ್ನೊಮ್ಮೆ ಓದು ಅಂದೆ. ಓದಿದ.

ಕಿವಿ ಕೇಳಿಸದ ಮನುಷ್ಯ ಜೀವಮಾನವಿಡೀ ದುಡಿದ ಹಣದಲ್ಲಿ ಸ್ಪೀಕರು. ಅದರ ಕೆಳಗೇ ನಿಂತು ನಾನು ನಕ್ಕಿದ್ದೆ.

ಮಾರ್ಚ್ ೧೪, ಶುಕ್ರವಾರ

ಕುಲಪತಿಯ ಕೋಣೆಗೆ ನುಗ್ಗಿದೆ. ನುಗ್ಗಿದೆ ಎಂದು ಬರೆದುಕೊಳ್ಳಲು ಚೆನ್ನಾಗಿದೆ. ನಿಜವಾಗಿ ನಲವತ್ತು ನಿಮಿಷ ಹೊರಗೆ ಕಾದು, ಕರೆದಾಗ ಹೋದೆ. ಅವರು ಕೂಗಾಡಲಿಲ್ಲ. ನನ್ನ ಮುಂದೆ ನೀರಿನ ಲೋಟ ಸರಿಸಿದರು.

"ಸ್ಪೀಕರು ಸಂವಹನ ಅಲ್ವಾ ಮೇಡಂ?"

"ಅವರು ಕೊಟ್ಟದ್ದು ದುಭಾಷಿಗಳಿಗೆ ಸರ್."

"ಪತ್ರದಲ್ಲಿ ಹಾಗಿಲ್ಲವಲ್ಲ. ಆ ಪತ್ರಕ್ಕೆ ಸಹಿ ಮಾಡಿಸಿದೋರು ಯಾರು?"

ನಾನು ನೀರಿನ ಲೋಟ ಎತ್ತಿಕೊಂಡೆ.

"ನೋಡಿ, ತಂಗಿಯ ಕಟ್ಟಡ ಬರಲಿ. ಅದರಲ್ಲಿ ನಾಲ್ಕಲ್ಲ, ನಲವತ್ತು ಗಂಟೆ ದುಭಾಷಿ ಇಡೋಣ. ಮುಂದಿನ ವರ್ಷ ನಿಮ್ಮನ್ನ ನಿರ್ದೇಶಕರನ್ನಾಗಿ ಮಾಡಬೇಕು ಅಂತಾನೂ ನನ್ನ ಮನಸ್ಸಲ್ಲಿದೆ."

ಅಣ್ಣನ ಹಣ ನುಂಗಿದ್ದನ್ನು ತಂಗಿಯ ಹಣದಿಂದ ಮುಚ್ಚುವುದು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದರು. ಮನೆಗೆ ಬಂದು ಪಾತ್ರೆಗಳನ್ನು ಬಡಿದು ಬಡಿದು ತೊಳೆದೆ. ಇವರು ಬಾಗಿಲಲ್ಲಿ ನಿಂತು, "ಆ ಪಾತ್ರೆ ಏನು ಮಾಡಿತ್ತು?" ಅಂದರು. ನಿರ್ದೇಶಕಿ ಎಂಬ ಮಾತು ಕೇಳಿದಾಗ ಒಂದು ಕ್ಷಣ ಖುಷಿಯಾಗಿತ್ತು ಎಂದು ಇವರಿಗೆ ಹೇಳಲಿಲ್ಲ.

ಮಾರ್ಚ್ ೨೦, ಗುರುವಾರ

ಹಳೆಯ ಕಡತ ಇವತ್ತು ಪೂರ್ತಿ ಬಿಚ್ಚಿದೆ. ಮೊದಲ ಕರಡಿನಲ್ಲಿ "ಸನ್ನೆ ಭಾಷೆಯ ದುಭಾಷಿಗಳ ಸಂಬಳಕ್ಕೆ" ಎಂದು ಯಜಮಾನರೇ ಬರೆಸಿದ್ದರು. ನಮ್ಮ ಕಾನೂನು ಸಲಹೆಗಾರ ಅದನ್ನು ಹೊಡೆದುಹಾಕಿ, ಸ್ವಲ್ಪ ಅಗಲವಾಗಿರಲಿ ಎಂದು "ಸಂವಹನ ನೆರವಿಗೆ" ಎಂದು ತಿದ್ದಿದ್ದ. ಆ ತಿದ್ದುಪಡಿಗೆ ಒಪ್ಪಿಸಲು ಆಸ್ಪತ್ರೆಗೆ ಹೋದವಳು ನಾನು.

ಅವರ ಹಾಸಿಗೆಯ ಪಕ್ಕ ಕೂತು ಚೀಟಿಯಲ್ಲಿ ಮಾತಾಡಿದ್ದೆವು. ಆ ಚೀಟಿಗಳನ್ನೂ ನಾನೇ ಕಡತಕ್ಕೆ ಸೇರಿಸಿದ್ದೆ, ಅಚ್ಚುಕಟ್ಟಿನವಳು ನೋಡಿ. ಒಂದರಲ್ಲಿ ಅವರ ಸಣ್ಣ ಅಕ್ಷರ: "ಈ ಮಾತು ಬೇರೆ ಇದೆ. ದುಭಾಷಿ ಅಂತ ಯಾಕಿಲ್ಲ?" ಕೆಳಗೆ ನನ್ನ ದುಂಡಗಿನ ಅಕ್ಷರ: "ಎರಡೂ ಒಂದೇ ಸರ್. ದುಭಾಷಿಗಳಿಗೇ ಹೋಗುತ್ತದೆ. ಚಿಂತೆ ಬೇಡ."

ಜೀವಮಾನವೆಲ್ಲ ಮೊಳೆಗಳನ್ನು ತಿರುವುಮುರುವಾಗಿ ಓದಿ ಒಂದು ಒತ್ತಕ್ಷರ ತಪ್ಪಿದರೂ ಹಿಡಿಯುತ್ತಿದ್ದ ಮನುಷ್ಯ. ಇದನ್ನೂ ಹಿಡಿದಿದ್ದರು. ಬಿಟ್ಟುಬಿಡಿ ಎಂದವಳು ನಾನು.

ಆಗ ನಾನು ಹಾಗೆಯೇ ನಂಬಿದ್ದೆನೋ, ಸಾಯಂಕಾಲದೊಳಗೆ ಸಹಿ ಬೇಕಿತ್ತೋ? ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ. ಗೊತ್ತಾಗದಿರುವುದಕ್ಕೇ ಸಿಟ್ಟು.

ಮಾರ್ಚ್ ೨೭, ಗುರುವಾರ

ಹೇಳಿಬಿಡಬೇಕೆಂದು ಟೈಲರಮ್ಮನ ಅಂಗಡಿಗೆ ಹೋದೆ. ಮಗು ಎಲ್ಲಿ ಅಂದರು. ಪರೀಕ್ಷೆ ಅಂದೆ. ಇದು ಸುಳ್ಳು, ಯಾವ ವರದಿಯಲ್ಲೂ ಇಲ್ಲ.

ಅವರೇ ಹಳೆಯ ಕಥೆ ತೆಗೆದರು. ಅಣ್ಣ ಹದಿನೆಂಟಕ್ಕೆ ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದನಂತೆ. ಹದಿನಾರರ ತಂಗಿ ದಿನವೂ ಜೊತೆಗೆ ಹೋಗಿ, ಪಕ್ಕದಲ್ಲಿ ಕೂತು, ಮೇಷ್ಟ್ರು ಹೇಳಿದ್ದನ್ನೆಲ್ಲ ಕೈಯಲ್ಲಿ ಹೇಳುತ್ತಿದ್ದಳು. ಅರ್ಥವಾಗದ ಪದಗಳಿಗೆ ಅಣ್ಣ-ತಂಗಿ ಸೇರಿ ಸನ್ನೆ ಕಟ್ಟಿಕೊಳ್ಳುತ್ತಿದ್ದರು.

"ಮೂರು ತಿಂಗಳು ನಡೀತು. ಒಂದಿನ ಒಬ್ಬ ಪ್ರೊಫೆಸರು ಪಾಠ ನಿಲ್ಲಿಸಿ, ಇದು ತರಗತಿ, ಬೊಂಬೆಯಾಟ ಅಲ್ಲ, ಆಚೆ ನಡಿ ಅಂದ್ರು. ಅಣ್ಣ ನನ್ನ ಮುಖ ನೋಡ್ದ. ಏನಂದ್ರು ಅಂತ ಕೇಳ್ದ. ನಾನು ಹೇಳ್ಲಿಲ್ಲ. ಪಾಠ ಮುಗೀತು ಬಾ ಅಂದೆ. ಆಮೇಲೆ ಅವನು ಹೋಗ್ಲಿಲ್ಲ."

"ಅವರಿಗೆ ಗೊತ್ತಾಯ್ತಾ?"

"ಗೊತ್ತಾಗದೆ ಇರುತ್ತಾ? ಕಿವಿ ಕೇಳ್ತಿರ್ಲಿಲ್ಲ ಅಷ್ಟೇ."

ಅವರು ನನ್ನ ಮುಂಗೈ ಹಿಡಿದು ನಾಲ್ಕೈದು ಸನ್ನೆ ಕಲಿಸಿದರು. ಬಾ. ಕೂತುಕೋ. ತಪ್ಪು. ಇನ್ನೊಂದು ಸಲ ಹೇಳು. ಸಂಜೆಯವರೆಗೂ ಕೂತಿದ್ದೆ. ಉಯಿಲಿನ ಮಾತು ಮರೆತೇಹೋಯಿತು.

ಹೇಳಲಿಲ್ಲ.

ಏಪ್ರಿಲ್ ೧, ಮಂಗಳವಾರ

ಇವತ್ತೂ ಹೇಳಲಿಲ್ಲ. ಎಲ್ಲರನ್ನೂ ಕಂಡರೆ ಉರಿಯುತ್ತದೆ.

ಏಪ್ರಿಲ್ ೩, ಗುರುವಾರ

ವಾಸ್ತುಶಿಲ್ಪದ ಹುಡುಗಿ ನನ್ನ ಆಫೀಸಿಗೇ ಬಂದಳು. ಕಾಲೇಜು ಬಿಡುವ ಅರ್ಜಿಗೆ ಹನ್ನೆರಡು ವಿಭಾಗಗಳಿಂದ ಬಾಕಿ ಇಲ್ಲವೆಂಬ ಸಹಿ ಬೇಕು, ಅದರಲ್ಲಿ ನಮ್ಮದೂ ಒಂದು. ಸೇರುವಾಗ ಯಾರೂ ಕೇಳಲಿಲ್ಲ, ಬಿಡುವಾಗ ಹನ್ನೆರಡು ಜನ ತಡೆಯುತ್ತಾರೆ. ಈ ವ್ಯವಸ್ಥೆ ಕಟ್ಟಿದವರಿಗೆ ನಾಚಿಕೆಯಾಗಬೇಕು.

ನಾನು ಸಹಿ ಹಾಕಲಿಲ್ಲ. ಎದುರಿನ ಕುರ್ಚಿ ತೋರಿಸಿ, ಕೂತುಕೋ ಎಂದು ಕೈಯಲ್ಲಿ ಹೇಳಿದೆ. ಅವಳು ಹುಬ್ಬೇರಿಸಿದಳು. ಆಮೇಲೆ ನನ್ನ ಬೆರಳುಗಳನ್ನು ಹಿಡಿದು ತಿದ್ದಿದಳು. ನಾನು ಮಾಡಿದ್ದು ಅಣ್ಣ-ತಂಗಿ ಕಟ್ಟಿಕೊಂಡ ಮನೆಯ ಸನ್ನೆ, ಅವಳ ಭಾಷೆಯಲ್ಲಿ ಬೇರೆ ಇದೆ.

ಕಾಗದದಲ್ಲಿ ಬರೆದೆ: "ಮೂರು ವಾರ ತಡಿ."

"ಯಾಕೆ?"

"ನಿನ್ನ ಪಾಲಿನ ಹಣ ಎಲ್ಲಿ ಹೋಯಿತು ಅಂತ ನನಗೆ ಗೊತ್ತು."

ಅವಳು ಬಹಳ ಹೊತ್ತು ಓದಿದಳು. ಇಷ್ಟು ಚಿಕ್ಕ ವಾಕ್ಯವನ್ನು ಅಷ್ಟು ಹೊತ್ತು ಓದುವವರನ್ನು ಇದಕ್ಕೆ ಮೊದಲು ಒಬ್ಬರನ್ನೇ ನೋಡಿದ್ದೆ. ಕೊನೆಗೆ ಬರೆದಳು: "ಯಾವಾಗಿನಿಂದ ಗೊತ್ತು?"

ಏಪ್ರಿಲ್ ೮, ಮಂಗಳವಾರ

ಹೇಳಿದೆ.

ಕಡತವನ್ನು ಟೈಲರಮ್ಮನ ಕತ್ತರಿಸುವ ಮೇಜಿನ ಮೇಲೆ ಹರಡಿ, ಮೊದಲಿಂದ ಹೇಳಿದೆ. ಹದಿನಾಲ್ಕಲ್ಲ ಮೂರು. ಸ್ಪೀಕರು. ವಿಶ್ರಾಂತಿ ಕೋಣೆ. ಅವರು ಹೊಲಿಗೆ ನಿಲ್ಲಿಸಲಿಲ್ಲ. ಚೀಟಿ ಕೈಗೆ ಕೊಟ್ಟಾಗ ಮಾತ್ರ ಯಂತ್ರದ ಸದ್ದು ನಿಂತಿತು. ಕನ್ನಡಕ ಸರಿಮಾಡಿಕೊಂಡು ಓದಿದರು.

"ಕೇಳಿದ್ದ" ಅಂದರು. "ಸಾಯೋಕೆ ಒಂಬತ್ತು ದಿನ ಇತ್ತು. ಆಗಲೂ ಕೇಳಿದ್ದ."

"ಹೌದಮ್ಮ."

"ನಾನು ಕ್ಯಾಂಟೀನಿಗೆ ಹೋಗಿದ್ದೆ, ಊಟಕ್ಕೆ. ನಾನಿಲ್ಲದ ಹೊತ್ತು ನೋಡ್ಕೊಂಡು ಬಂದ್ರಾ?"

"ಇಲ್ಲ. ಅದು ಹಾಗೇ ಆಯ್ತು."

"ಹಾಗೇ ಆಯ್ತು" ಎಂದು ನನ್ನ ಮಾತನ್ನೇ ಇನ್ನೊಮ್ಮೆ ಹೇಳಿದರು. "ನಿಮ್ಮ ಅಕ್ಷರ ದುಂಡಗಿದೆ. ಎದ್ದು ಹೋಗಿ."

ಎದ್ದೆ. ಕ್ಷಮೆ ಕೇಳಲು ಬಾಯಿ ತೆರೆದರೆ ಅವರು ಕೈಯೆತ್ತಿ ತಡೆದರು. ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ ದನಿ ಬಂತು. "ಚೀಟಿ ಇಲ್ಲೇ ಇರಲಿ."

ಮೂಲ ಚೀಟಿ ಅದು. ಅದು ಆಚೆ ಬಂದರೆ ನನ್ನ ಕೆಲಸ ಹೋಗುತ್ತದೆ. ಬಿಟ್ಟು ಬಂದೆ. ದಾರಿಯುದ್ದಕ್ಕೂ ಅವರ ಮೇಲೇ ಸಿಟ್ಟು. ಒಂದು ಮಾತು ಬೈದಿದ್ದರೆ ಏನಾಗುತ್ತಿತ್ತು?

ಏಪ್ರಿಲ್ ೨೪, ಗುರುವಾರ

ಇವತ್ತು ಆಡಳಿತ ಮಂಡಳಿಯ ಸಭೆ. ಟೈಲರಮ್ಮ ಚೀಟಿಯ ಪ್ರತಿ ಲಗತ್ತಿಸಿ ನೋಟಿಸು ಕೊಟ್ಟಿದ್ದರು. ಕರಿ ಕೋಟಿನ ವಕೀಲರ ಜೊತೆ ಬಂದರು; ಆ ವಕೀಲರ ಕೋಟುಗಳನ್ನು ಮೂವತ್ತು ವರ್ಷದಿಂದ ಹೊಲಿಯುತ್ತಿರುವವರು ಈಕೆಯೇ ಅಂತೆ. ಸಭೆ ಅದೇ ವಿಶ್ರಾಂತಿ ಕೋಣೆಯಲ್ಲಿ. ಮಂಡಳಿಯಲ್ಲಿ ಯಾರಿಗೂ ಅದು ವಿಪರ್ಯಾಸ ಅನ್ನಿಸಲಿಲ್ಲ, ಅವರಿಗೆ ಅದು ಒಳ್ಳೆಯ ಕುರ್ಚಿಗಳಿರುವ ಕೋಣೆ, ಅಷ್ಟೇ.

ಬೆಳಿಗ್ಗೆಯೇ ಕುಲಪತಿ ನನ್ನನ್ನು ಕರೆದು ಹೇಳಿದ್ದರು. "ದಾನಿಗೆ ವಾಕ್ಯದ ಅರ್ಥ ವಿವರಿಸಿದ್ದೆ, ಅವರು ತಿಳಿದೇ ಒಪ್ಪಿದರು ಅನ್ನಿ. ಅಷ್ಟು ಸಾಕು. ಚೀಟಿ ಬಗ್ಗೆ ಕೇಳಿದ್ರೆ ನೆನಪಿಲ್ಲ ಅನ್ನಿ."

ಸಭೆಯಲ್ಲಿ ಅಧ್ಯಕ್ಷರು ನನ್ನ ಕಡೆ ತಿರುಗಿದರು. "ದಾನಿಗೆ ಈ ಮಾತಿನ ಅರ್ಥ ಗೊತ್ತಿತ್ತಾ?"

"ಗೊತ್ತಿತ್ತು" ಅಂದೆ. ಕುಲಪತಿ ತಲೆಯಾಡಿಸಿದರು. "ನಾನು ಹೇಳಿದ ಅರ್ಥ ಗೊತ್ತಿತ್ತು. ಎರಡೂ ಒಂದೇ, ದುಭಾಷಿಗಳಿಗೇ ಹೋಗುತ್ತೆ ಅಂತ ಬರೆದುಕೊಟ್ಟೆ. ಅದನ್ನ ನಂಬಿ ಸಹಿ ಹಾಕಿದ್ರು. ಆ ಅಕ್ಷರ ನನ್ನದು. ಆವತ್ತು ನಾನು ಅಲ್ಲಿ ಕೂತಿದ್ದದ್ದು ವಿಶ್ವವಿದ್ಯಾಲಯದ ಪರವಾಗಿ."

ವಕೀಲರು ಎದ್ದು ನಿಂತರು. ದನಿ ಏರಿಸಲೇ ಇಲ್ಲ. ಸಹಿಗೆ ಮೊದಲು ವಿಶ್ವವಿದ್ಯಾಲಯದ ಅಧಿಕಾರಿಯೇ ಆ ಮಾತಿಗೆ ಅರ್ಥ ಬರೆದುಕೊಟ್ಟ ಮೇಲೆ ಬೇರೆ ಅರ್ಥ ಹಚ್ಚಲು ಬರುವುದಿಲ್ಲ, ಬರುತ್ತದೆ ಅನ್ನುವುದಾದರೆ ಕೋರ್ಟಿನಲ್ಲಿ ನೋಡೋಣ ಅಂದರು. ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಕಾನೂನು ಸಲಹೆಗಾರ ಏನೋ ಹೇಳಲು ಹೋದಾಗ ಸ್ಪೀಕರಿನಲ್ಲಿ ಕೀರಲು ಸದ್ದು ಬಂತು. ಟೈಲರಮ್ಮ ಕಿವಿ ಮುಚ್ಚಿಕೊಂಡರು.

ಕುಲಪತಿ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನನ್ನು ನಿಜವಾಗಿ ನೋಡಿದ ಹಾಗೆ. ನಾನು ನಗಲಿಲ್ಲ.

ಮೇ ೮, ಗುರುವಾರ

ಮೂರು ವರ್ಷದ ಬಡ್ಡಿಯನ್ನು ನಿಧಿಗೆ ವಾಪಸು ತುಂಬಿದ್ದಾರೆ. ಹೊಸ ಅವಧಿಗೆ ಪೂರ್ಣಾವಧಿಯ ಇಬ್ಬರು ದುಭಾಷಿಗಳನ್ನು ನೇಮಿಸುತ್ತಾರಂತೆ. ಹುಡುಗಿ ಬಿಡುವ ಅರ್ಜಿಯನ್ನು ಹರಿದು, ಅದರ ಫೋಟೋ ಕಳಿಸಿದಳು. ಜೊತೆಗೆ ಒಂದು ಮಾತೂ ಇಲ್ಲ.

ನನ್ನನ್ನು ಕೆಲಸದಿಂದ ತೆಗೆದರು. ಕಾರಣ: ದಾನಿಯನ್ನು ದಾರಿ ತಪ್ಪಿಸಿದ್ದು. ಪತ್ರಕ್ಕೆ ಸಹಿ ಕುಲಪತಿಯದು. ಅವರು ಆ ಕುರ್ಚಿಯಲ್ಲೇ ಇದ್ದಾರೆ, ಆ ಕೋಣೆಯಲ್ಲಿ ಸ್ಪೀಕರೂ ಇದೆ. ಆದರೆ ಕಾರಣವೆಂದು ಬರೆದದ್ದು ನಿಜ. ಅದೊಂದು ಸಾಲನ್ನು ಹೊಡೆದುಹಾಕಲು ನನ್ನಿಂದಲೂ ಆಗಲಿಲ್ಲ.

ಇವರು ಕ್ಲಿನಿಕ್ಕಿನಿಂದ ಬೇಗ ಬಂದರು. "ಹಲ್ಲು ಕೀಳಿಸಿಕೊಂಡ ಮೇಲೆ ನಾಲಿಗೆ ಅಲ್ಲಿಗೇ ಹೋಗ್ತಿರುತ್ತೆ" ಅಂದರು. "ಎಷ್ಟು ದಿನ?" ಅಂದೆ. "ಕೆಲವರಿಗೆ ತುಂಬಾ ದಿನ."

ಜೂನ್ ೧೨, ಗುರುವಾರ

ಟೈಲರಮ್ಮ ಹೇಳಿಕಳಿಸಿದ್ದರು. ಹೋದರೆ ಕತ್ತರಿಸುವ ಮೇಜಿನ ಸುತ್ತ ವಕೀಲರು, ವಾಸ್ತುಶಿಲ್ಪದ ಹುಡುಗಿ, ನಡುವೆ ಕಾಗದಗಳು. ಹುಡುಗಿಯನ್ನು ವಕೀಲರೇ ಹುಡುಕಿ ಕರೆತಂದಿದ್ದರಂತೆ. ಟೈಲರಮ್ಮ ಮತ್ತು ಹುಡುಗಿ ಕೈಯಲ್ಲಿ ಜಗಳವಾಡುತ್ತಿದ್ದರು. ಹಳೆಯ ಮನೆಸನ್ನೆಗೂ ಹೊಸ ಭಾಷೆಗೂ ಹೊಂದುತ್ತಿರಲಿಲ್ಲ, ಇಬ್ಬರೂ ಬಿಡುತ್ತಿರಲಿಲ್ಲ.

ಕಟ್ಟಡವನ್ನು ವಿಶ್ವವಿದ್ಯಾಲಯಕ್ಕೆ ಕೊಡುವುದಿಲ್ಲವಂತೆ. ಬೇರೆ ಟ್ರಸ್ಟು ಮಾಡಿ, ಯಾವ ಕಾಲೇಜಿನಲ್ಲೇ ಓದಲಿ, ಕಿವಿ ಕೇಳಿಸದ ಮಕ್ಕಳ ಜೊತೆ ದುಭಾಷಿ ಇರುವ ಹಾಗೆ ಬರೆಯುತ್ತಾರಂತೆ. ಹುಡುಗಿ ಟ್ರಸ್ಟಿ.

"ನೀವು ಟ್ರಸ್ಟಲ್ಲಿ ಇರಲ್ಲ" ಎಂದು ಟೈಲರಮ್ಮ ನನಗೆ ಮೊದಲೇ ಹೇಳಿದರು.

"ಗೊತ್ತು" ಅಂದೆ. ಗೊತ್ತಿದ್ದರೂ ಚುಚ್ಚಿತು. "ಮತ್ತೆ ನನ್ನನ್ನ ಯಾಕೆ ಕರೆಸಿದ್ರಿ?"

"ಬರೆದದ್ದನ್ನ ಹೇಗೆ ತಿರುಚ್ತಾರೆ ಅಂತ ಗೊತ್ತಿರೋರು ನಮ್ಮಲ್ಲಿ ನೀವೊಬ್ಬರೇ. ವಕೀಲರು ಬರೆದಿದಾರೆ. ನೀವು ಕೆಡಿಸಿ."

ಎದ್ದು ಹೋಗಬೇಕೆನ್ನಿಸಿತು. ತಿರುಚಲು ಬಲ್ಲವಳು. ಅವರು ನನಗೆ ಇಟ್ಟ ಹೆಸರು ಅದು, ಇನ್ನು ಸಾಯುವವರೆಗೂ ಬದಲಾಗುವುದಿಲ್ಲ. ಕುರ್ಚಿ ಎಳೆದುಕೊಂಡು ಕೂತೆ.

ಮೊದಲ ವಾಕ್ಯವನ್ನು ಒಂದೇ ನಿಮಿಷದಲ್ಲಿ ಮುರಿದೆ. "ದುಭಾಷಿ ಮುಂತಾದ ಸೌಲಭ್ಯಗಳಿಗೆ" ಎಂದಿತ್ತು. ಮುಂತಾದ ಅನ್ನುವುದರೊಳಗೆ ನಾನು ಒಂದು ಕಾರು ತೂರಿಸಿದೆ. ಹುಡುಗಿ ಆ ಪದವನ್ನು ಕಾಗದ ಹರಿಯುವಂತೆ ಹೊಡೆದುಹಾಕಿದಳು. ಎರಡನೆಯ ವಾಕ್ಯದಲ್ಲಿ "ಅಗತ್ಯವಿದ್ದಲ್ಲಿ" ಎಂದಿತ್ತು. ಅಗತ್ಯ ಇಲ್ಲವೆಂದು ಒಂದು ಸಮಿತಿಯಿಂದ ಬರೆಸಿದೆ. ಮೂರನೆಯದರಲ್ಲಿ ದುಭಾಷಿಯ ಅರ್ಹತೆ ಹೇಳಿರಲಿಲ್ಲ. ನನ್ನ ಸೋದರಳಿಯನನ್ನು ನೇಮಿಸಿದೆ. ವಕೀಲರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. "ನೀವು ಎದುರು ಪಕ್ಷದಲ್ಲಿ ಇರದೇ ಇದ್ದದ್ದು ಪುಣ್ಯ" ಅಂದರು. "ಇದ್ದರು" ಅಂದರು ಟೈಲರಮ್ಮ.

ಊಟದ ಹೊತ್ತು ಮೀರಿತು. ಯಾರೂ ಏಳಲಿಲ್ಲ. ನಾನು ಹೇಳಿದ್ದನ್ನು ಟೈಲರಮ್ಮ ಹುಡುಗಿಗೆ ಕೈಯಲ್ಲಿ ಹೇಳುವುದು, ಅವಳು ಬರೆದು ನನ್ನತ್ತ ನೂಕುವುದು, ನಾನು ಮುರಿಯುವುದು. ಅವಳು ಕೆರಳಿ ಇನ್ನೊಂದು ಬರೆಯುವುದು. ಏಳು ಸಲ. ನಾಲ್ಕು ಗಂಟೆಗೆ ಅವಳು ಎಂಟನೆಯ ಕಾಗದ ನೂಕಿದಳು. ಒಂದೇ ವಾಕ್ಯ, ಎರಡೂವರೆ ಸಾಲು.

ಓದಿದೆ. ಕುಲಪತಿಯಾಗಿ ಓದಿದೆ, ಹಣಕಾಸು ಅಧಿಕಾರಿಯಾಗಿ ಓದಿದೆ, ಆಸ್ಪತ್ರೆಯ ಹಾಸಿಗೆಯ ಪಕ್ಕ ಅವಸರದಲ್ಲಿ ಕೂತವಳಾಗಿ ಓದಿದೆ. ಒಂದೊಂದು ಪದವನ್ನೂ ಎಳೆದು ನೋಡಿದೆ. ಅರ್ಧ ಗಂಟೆಯಾಯಿತು. ಹುಡುಗಿ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಏನಾದ್ರೂ ಸಿಕ್ತಾ?" ಅಂದರು ಟೈಲರಮ್ಮ.

"ಇಲ್ಲ."

"ಇನ್ನೊಂದು ಸಲ ನೋಡಿ."

ನೋಡಿದೆ. "ಇಲ್ಲಮ್ಮ. ಇದರಲ್ಲಿ ನನಗೆ ದಾರಿ ಇಲ್ಲ."

ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ವಾಕ್ಯವನ್ನು ತಾವೇ ಓದಿದರು. ಆಮೇಲೆ ನನ್ನ ಕಡೆ ಕೈ ಚಾಚಿ ಸಹಿಗೆಂದು ಪೆನ್ನು ಕೇಳಿದರು. ಕೊಟ್ಟೆ.